ಐವಾನ್-ಎ-ಶಾಹಿಯಿಂದ ಬಾರ್ಜೆಲ್ಲೊಗೆ

ಮಿಲಾನಿನಲ್ಲಿ ಓದುತ್ತಿದ್ದ ಮಗಳು ಕಳಿಸಿದ ಪಟ್ಟಿಯನ್ನು ಫೋನಿನಲ್ಲಿ ಎಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. ಉಫಿತ್ಸಿ, ಅಕಾದೆಮಿಯಾ, ಪಿತ್ತಿ ಅರಮನೆ, ಮೆದಿಚಿ ಮನೆತನದ ಸಮಾಧಿಗಳು, ಸಾನ್ ಮಾರ್ಕೊ ಮಠ, ದೊಡ್ಡ ಚರ್ಚಿನ ಸಂಗ್ರಹಾಲಯ, ಬಾರ್ಜೆಲ್ಲೊ. ಎಲ್ಲವೂ ಫ್ಲಾರೆನ್ಸ್ ಎಂಬ ಒಂದೇ ಊರಿನವು, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದವು. ಪ್ರತಿ ಹೆಸರಿನ ಮುಂದೆ ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ಟಿಕೆಟ್ಟಿನ ದರ. ಉಫಿತ್ಸಿ ಮತ್ತು ಅಕಾದೆಮಿಯಾ ಸೋಮವಾರ ಮುಚ್ಚಿರುತ್ತವೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸಂಗ್ರಹಾಲಯಗಳಿಗೆ ಪುಕ್ಕಟೆ ಪ್ರವೇಶ, ಆದರೆ ಅಂದು ಗದ್ದಲ ವಿಪರೀತ ಎಂದೆಲ್ಲ ಟಿಪ್ಪಣಿ ಬೇರೆ. ಕೊನೆಗೆ ಅವಳದೇ ದನಿಯಲ್ಲಿ ಒಂದು ಸಂದೇಶ: "ಅವ್ವಾ, ಇಷ್ಟಾದ್ರೂ ನೋಡ್ಲಿಕ್ಕೇ ಬೇಕು. ಅಷ್ಟ್ ದೂರ ಬಂದು ಬಿಟ್ಟು ಹೋದ್ರ ಮತ್ತ ಯಾವಾಗ ಬರ್ತೀ?"

ಅವಳ ಪ್ರೀತಿ ನನಗೆ ಅರ್ಥವಾಗಿತ್ತು. ಆದರೂ ಪಟ್ಟಿಯನ್ನು ಓದುತ್ತ ಓದುತ್ತ ನನ್ನ ಮನಸ್ಸು ಒಂದು ಮಾತಿಗೆ ಬಂದು ನಿಂತಿತು. ನಾನು ಬದುಕಿಡೀ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು. ಒಂದು ಹೂಜಿ, ಒಂದು ಇಟ್ಟಿಗೆ, ಒಂದು ಬದನೆಕಾಯಿಯನ್ನು ಮೇಜಿನ ಮೇಲಿಟ್ಟು, ಪೂರ್ತಿ ಪೀರಿಯಡ್ ಅವನ್ನೇ ನೋಡಿರೆಂದು ಮಕ್ಕಳಿಗೆ ಹೇಳಿದವಳು. ಈಗ ಜಗತ್ತಿನ ಅತ್ಯುತ್ತಮ ಶಿಲ್ಪಗಳಿರುವ ಊರಿಗೆ ಹೋಗಿ ಒಂದೊಂದರ ಮುಂದೆ ಅರೆಗಳಿಗೆ ನಿಂತು ಓಡಿ ಬರುವುದು ನನ್ನಿಂದಾಗದ ಕೆಲಸ. ಮಗಳಿಗೆ ಹೇಳಿದೆ: "ಒಂದು ಮ್ಯೂಸಿಯಂ ಸಾಕು. ಯಾವುದಂತ ನಾ ಹೇಳ್ತೀನಿ, ಸ್ವಲ್ಪ ಟೈಮ್ ಕೊಡು."

ಆ ಆಯ್ಕೆ ನಡೆದದ್ದು ಐವಾನ್-ಎ-ಶಾಹಿ ರಸ್ತೆಯ ಸಂಜೆಯ ತಿರುಗಾಟಗಳಲ್ಲಿ. ನಮ್ಮ ಮನೆ ಇರುವುದು ಅದೇ ಬಡಾವಣೆಯಲ್ಲಿ. ನಿಜಾಮರು ಕಲಬುರಗಿಗೆ ಬಂದರೆ ಇಳಿದುಕೊಳ್ಳುತ್ತಿದ್ದ ಕಲ್ಲಿನ ಅತಿಥಿಗೃಹದ ಹೆಸರೇ ಸುತ್ತಲಿನ ಓಣಿಗಳಿಗೂ ಅಂಟಿಕೊಂಡಿದೆ. ನಿಜಾಮರ ರೈಲು ಇಲ್ಲಿಯತನಕ ಬರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಈಗ ಅದು ಸರ್ಕಾರದ ಅತಿಥಿಗೃಹ. ಮಂತ್ರಿಗಳು ಬಂದ ದಿನ ರಸ್ತೆ ತುಂಬ ಕಾರು, ಪೊಲೀಸರು, ಮನವಿಪತ್ರ ಹಿಡಿದು ನಿಂತ ಜನ. ಉಳಿದ ದಿನ ನಮ್ಮಂಥವರ ನಡಿಗೆಗೆ ಒಳ್ಳೆಯ ಜಾಗ. ಬಿಸಿಲು ಇಳಿದ ಮೇಲೆ ನಾವು ನಾಲ್ವರು ಅಲ್ಲಿ ತಿರುಗಾಡುತ್ತಿದ್ದೆವು: ನಾನು, ನಮ್ಮ ಯಜಮಾನರು, ಉರ್ದು ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ನಮ್ಮ ನೆರೆಯವರು, ಅವರ ಹೆಂಡತಿ. ಅವರನ್ನು ನಾವು ಸರ್ ಎನ್ನುತ್ತೇವೆ, ಅವರ ಹೆಂಡತಿಯನ್ನು ಆಪಾ. ನನ್ನ ಪ್ರಯಾಣದ ಯೋಜನೆಯಲ್ಲಿ ಟಿಕೆಟ್ಟು, ವೀಸಾಗಳನ್ನು ಬಿಟ್ಟರೆ ಉಳಿದದ್ದೆಲ್ಲ ಆ ನಾಲ್ವರ ಮಾತಿನಲ್ಲೇ ಆಯಿತು.

ಯುರೋಪಿನ ಶಿಲ್ಪ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೈದರಾಬಾದಿನಲ್ಲಿ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆಸ್ಪತ್ರೆಗೂ ಮದುವೆಯ ಜವಳಿಗೂ ಅಲ್ಲಿಗೇ. ಅಪ್ಪ ಯಾವುದೋ ಕೆಲಸಕ್ಕೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ ಸಾಲಾರ್ ಜಂಗ್ ಮ್ಯೂಸಿಯಂ ತೋರಿಸಿದರು. ಎಲ್ಲರೂ ಗಂಟೆ ಬಾರಿಸುವ ಪುಟ್ಟ ಬೊಂಬೆಯಿರುವ ಗಡಿಯಾರದ ಮುಂದೆ ಕಾಯುತ್ತಿದ್ದರು. ನಾನು ಮುಸುಕು ಹೊದ್ದ ರೆಬೆಕ್ಕಾಳ ಮುಂದೆ ನಿಂತುಬಿಟ್ಟಿದ್ದೆ. ಜೊವಾನ್ನಿ ಮರಿಯಾ ಬೆನ್ಜೋನಿ ಎಂಬ ಇಟಲಿಯ ಶಿಲ್ಪಿ ಮಾಡಿದ ಆ ಅಮೃತಶಿಲೆಯ ಹೆಣ್ಣನ್ನು ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡು ತಂದರು. ಮುಖದ ಮೇಲಿನ ತೆಳು ಬಟ್ಟೆಯೂ ಕಲ್ಲೇ, ಅದರೊಳಗಿನಿಂದ ಕಾಣುವ ಮೂಗು ತುಟಿಗಳೂ ಕಲ್ಲೇ. ಅದನ್ನು ಹೇಗೆ ಮಾಡಿದರು ಎಂಬ ಪ್ರಶ್ನೆಯೇ ನನ್ನನ್ನು ಪೆನ್ಸಿಲ್ಲಿನ ಕಡೆ ತಿರುಗಿಸಿತು ಎಂದು ಈಗಲೂ ನಂಬಿದ್ದೇನೆ.

ರೆಬೆಕ್ಕಾ ಹತ್ತೊಂಬತ್ತನೆಯ ಶತಮಾನದವಳು. ಅವಳ ಹಿಂದೆ ನಾಲ್ಕು ನೂರು ವರ್ಷಗಳ ಕೈಕೆಲಸ ಇದೆ ಎಂದು ತಿಳಿದದ್ದು ಕಲಬುರಗಿಯ ನನ್ನ ಡ್ರಾಯಿಂಗ್ ಮಾಸ್ತರರಿಂದ. ಲೋವರ್, ಹೈಯರ್ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತಿದ್ದ ಅವರ ಬಳಿ ರೆನೆಸಾನ್ಸ್ ಕಾಲದ ಶಿಲ್ಪಗಳ ಒಂದು ಹಳೆಯ ಕಪ್ಪು-ಬಿಳುಪು ಪುಸ್ತಕವಿತ್ತು. ಮೈಕೆಲಾಂಜೆಲೊನ ದಾವೀದನ ಕೈಯನ್ನು ಅದರಿಂದ ನೋಡಿ ಬರೆಸುತ್ತಿದ್ದರು. ಬೆರಳಿನ ಗಂಟು, ಮಣಿಕಟ್ಟಿನ ನರ, ಹಸ್ತದ ಭಾರ. ನಮ್ಮ ಊರಿನಲ್ಲೇ 1916ರಲ್ಲಿ ಹುಟ್ಟಿ ಮುಂಬೈಗೆ ಹೋಗಿ ಹೆಸರು ಮಾಡಿದ ಎಸ್.ಎಂ. ಪಂಡಿತರ ಚಿತ್ರಗಳನ್ನು ಅದರ ಪಕ್ಕಕ್ಕಿಟ್ಟು ತೋರಿಸುತ್ತಿದ್ದರು. ಸಿನಿಮಾದ ಪೋಸ್ಟರುಗಳಲ್ಲೂ ಪುರಾಣದ ಚಿತ್ರಗಳಲ್ಲೂ ಪಂಡಿತರು ಬರೆದ ಭುಜ, ಎದೆ, ತೊಡೆಗಳ ಕಟ್ಟನ್ನು ನೋಡಿದರೆ ದೂರದ ಇಟಲಿಯ ಕಲಿಕೆ ಮುಂಬೈಯ ಕಲಾಶಾಲೆಗಳ ಮೂಲಕ ಅವರ ಕುಂಚಕ್ಕೆ ಬಂದದ್ದು ಗೊತ್ತಾಗುತ್ತದೆ. ಇಂದು ಅವರ ಹೆಸರಿನ ರಂಗಮಂದಿರ ಕಲಬುರಗಿಯಲ್ಲಿದೆ. ಒಳಗೆ ನಾಟಕ, ಸಭೆಗಳಿಗೆ ಬರುವ ಎಷ್ಟೋ ಎಳೆಯರಿಗೆ ಆ ಹೆಸರಿನವರು ಯಾರೆಂದು ಗೊತ್ತಿರುವುದಿಲ್ಲ. ನಾನು ಯಾರಾದರೂ ಸಿಕ್ಕರೆ ಹೇಳುತ್ತೇನೆ.

ಹೀಗಿರುವಾಗ ಮಗಳು ಮೊದಲು ಅಕಾದೆಮಿಯಾಕ್ಕೆ ಒತ್ತಾಯ ಮಾಡಿದ್ದು ಸಹಜ. ದಾವೀದ ಇರುವುದು ಅಲ್ಲಿ. ಐದು ಮೀಟರಿಗೂ ಎತ್ತರದ ಆ ವಿಗ್ರಹವನ್ನು ಮೈಕೆಲಾಂಜೆಲೊ 1501ರಿಂದ 1504ರವರೆಗೆ ಕಡೆದ. ಬಯಲಲ್ಲಿ ನಿಂತಿದ್ದ ಅದನ್ನು 1873ರಲ್ಲಿ ಅಕಾದೆಮಿಯಾದ ಒಳಗೆ ತಂದರು. ನೋಡುವ ಆಸೆ ನನಗೂ ಇತ್ತು. ಆದರೆ ಅಕಾದೆಮಿಯಾಕ್ಕೆ ಹೋಗುವವರೆಲ್ಲ ಒಬ್ಬ ದಾವೀದನನ್ನು ನೋಡಲು ಹೋಗುತ್ತಾರೆ. ಆತ ಎಲ್ಲಿಂದ ಬಂದ, ಅವನ ಹಿಂದಿನವರು ಯಾರು ಎಂದು ತಿಳಿಯಬೇಕಾದರೆ ಬಾರ್ಜೆಲ್ಲೊಗೆ ಹೋಗಬೇಕು. ದೊನಾತೆಲ್ಲೊ ತನ್ನ ಇಪ್ಪತ್ತರ ಹರೆಯದಲ್ಲಿ ಅಮೃತಶಿಲೆಯಲ್ಲಿ ಮಾಡಿದ ದಾವೀದ, ಮುಂದೆ ಅವನೇ ಕಂಚಿನಲ್ಲಿ ಎರಕ ಹೊಯ್ದ ದಾವೀದ, ಲಿಯೊನಾರ್ದೊ ಡಾ ವಿಂಚಿಯ ಗುರು ವೆರೊಕ್ಕಿಯೊ ಮಾಡಿದ ದಾವೀದ, ಮೂವರೂ ಅಲ್ಲಿದ್ದಾರೆ. ಮೈಕೆಲಾಂಜೆಲೊ ಇಪ್ಪತ್ತೆರಡರ ಆಸುಪಾಸಿನಲ್ಲಿ ಕಡೆದ, ಕುಡಿದು ತೂರಾಡುವ ಬಾಕಸ್ ಕೂಡ ಅಲ್ಲೇ. ಒಂದೇ ಕಥೆಯ ಹುಡುಗನನ್ನು ಬೇರೆ ಬೇರೆ ಕೈಗಳು ಹೇಗೆ ನಿಲ್ಲಿಸಿದವು ಎಂದು ಹೋಲಿಸಿ ನೋಡುವುದೇ ನನಗೆ ಬೇಕಾದದ್ದು.

ಆದರೂ ಕೊನೆಯ ತೀರ್ಮಾನ ಮಾಡಿಸಿದವರು ದಾವೀದರಲ್ಲ, ನಮ್ಮ ಸರ್.

ಒಂದು ಸಂಜೆ ಬಾರ್ಜೆಲ್ಲೊದಲ್ಲಿ ಏನೇನಿದೆ ಎಂದು ಹೇಳುತ್ತ, ಗೋಡೆಗೆ ಪಕ್ಕಪಕ್ಕದಲ್ಲಿ ತೂಗುಹಾಕಿರುವ ಎರಡು ಕಂಚಿನ ಫಲಕಗಳ ಮಾತು ತೆಗೆದೆ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಎದುರಿಗೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಎಂಟು ಮೂಲೆಯ ಗುಡಿಯೊಂದಿದೆ. ಅದಕ್ಕೆ ಹೊಸ ಬಾಗಿಲು ಮಾಡಿಸಲು 1401ರಲ್ಲಿ ಬಟ್ಟೆ ವ್ಯಾಪಾರಿಗಳ ಸಂಘ ಒಂದು ಪಂದ್ಯ ಏರ್ಪಡಿಸಿತು. ಏಳು ಜನ ಶಿಲ್ಪಿಗಳಿಗೆ ಒಂದೇ ಅಳತೆ, ಒಂದೇ ವಿಷಯ. ಅವುಗಳಲ್ಲಿ ಉಳಿದಿರುವುದು ಎರಡೇ: ಗೆದ್ದ ಗಿಬೆರ್ತಿಯದು, ಮತ್ತು ಬ್ರುನೆಲ್ಲೆಸ್ಕಿಯದು. ವಿಷಯ, ತಂದೆ ಅಬ್ರಹಾಂ ದೇವರ ಆಜ್ಞೆಯಂತೆ ಮಗ ಇಸಾಕನನ್ನು ಬಲಿ ಕೊಡಲು ಹೊರಟದ್ದು.

ಸರ್ ನಡೆಯುತ್ತಿದ್ದವರು ನಿಂತರು. "ಟೀಚರ್, ಅದು ನಮ್ಮ ಇಬ್ರಾಹೀಂ ಪೈಗಂಬರರ ಕತಿ. ಬಕ್ರೀದ್ ಅಂದ್ರ ಅದೇ ಅಲ್ಲೇನ್ರಿ? ಮಗನ ಹೆಸರು ನಮ್ಮಲ್ಲಿ ಇಸ್ಮಾಯಿಲ್ ಅಂತಾರ, ಅಷ್ಟೇ ಫರಕು." ಆಮೇಲೆ ಚರಿತ್ರೆಯ ಮೇಷ್ಟ್ರು ಎಚ್ಚರಗೊಂಡರು. "1401 ಅಂದ್ರಿ? ಆವಾಗ ಇಲ್ಲಿ ಫಿರೋಜ್ ಶಹಾ ಕುಂತಿದ್ದ ನೋಡ್ರಿ ತಖ್ತಿನ ಮ್ಯಾಲ. 1397ಕ್ಕ ಬಂದವ, 1422ಕ್ಕ ಹೋದವ. ಬಂದೇ ನವಾಜರು ಕಲಬುರಗಿಗೆ ಬಂದದ್ದೂ ಅದೇ ಸುಮಾರಿಗೆ."

ಆ ಮಾತಿನ ಮೇಲೆ ನನ್ನ ಫ್ಲಾರೆನ್ಸ್ ಬೇರೆಯಾಯಿತು. ಅಲ್ಲಿಯ ತನಕ ರೆನೆಸಾನ್ಸ್ ನನಗೆ ಪುಸ್ತಕದಲ್ಲಿದ್ದ ಕಾಲ. ಅದಕ್ಕೂ ನಮ್ಮ ಊರಿನ ಕಾಲಕ್ಕೂ ನಂಟಿರಲಿಲ್ಲ. ಈಗ ಎರಡನ್ನೂ ಒಂದೇ ಪಂಚಾಂಗದಲ್ಲಿ ಇಡತೊಡಗಿದೆ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಶಾಸನ 1367ರದು. ಅಂಗಳವನ್ನೂ ಬಿಡದೆ ಇಡೀ ಮಸೀದಿಗೆ ಗುಮ್ಮಟಗಳ ಮಾಡು ಹೊದಿಸಿದ ಕಟ್ಟಡ ಅದು. ಅದೇ 1367ರಲ್ಲಿ ಫ್ಲಾರೆನ್ಸಿನವರು ತಮ್ಮ ದೊಡ್ಡ ಚರ್ಚಿಗೆ ಎಂಥ ಗುಮ್ಮಟ ಬೇಕೆಂದು ಮಾದರಿಯನ್ನು ಒಪ್ಪಿಕೊಂಡರು. ಒಪ್ಪಿದರೇ ಹೊರತು ಅಷ್ಟು ಅಗಲದ ಗುಮ್ಮಟವನ್ನು ಎತ್ತುವುದು ಹೇಗೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅರ್ಧ ಶತಮಾನ ಚರ್ಚಿನ ನಡುವೆ ಬಾಯಿ ತೆರೆದ ಬಯಲು. ಕೊನೆಗೆ 1420ರಲ್ಲಿ ಆ ಕೆಲಸ ಕೈಗೆತ್ತಿಕೊಂಡವನು, ಬಾಗಿಲಿನ ಪಂದ್ಯದಲ್ಲಿ ಸೋತಿದ್ದ ಅದೇ ಬ್ರುನೆಲ್ಲೆಸ್ಕಿ. ಅವನು ಅಲ್ಲಿ ಇಟ್ಟಿಗೆಯ ಸುತ್ತುಗಳನ್ನು ಮೇಲಕ್ಕೇರಿಸುತ್ತಿದ್ದಾಗ ಇಲ್ಲಿ ಫಿರೋಜ್ ಶಹಾ ತೀರಿಕೊಂಡ, ಹಫ್ತ್ ಗುಂಬಜಿನ ಜೋಡಿ ಗುಮ್ಮಟದ ಕಟ್ಟಡದಲ್ಲಿ ಅವನ ಸಮಾಧಿಯಾಯಿತು. ಇವರವರಿಗೆ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಒಬ್ಬರ ಗುಮ್ಮಟ ನೋಡಿ ಇನ್ನೊಬ್ಬರು ಕಟ್ಟಿದರು ಎಂಬ ಕಥೆಯೂ ನನಗೆ ಬೇಡ. ಒಂದೇ ಕಾಲದಲ್ಲಿ ಎರಡು ಊರುಗಳು ತಲೆಯೆತ್ತಿ ಮಾಡಿನ ಚಿಂತೆ ಮಾಡುತ್ತಿದ್ದವು ಎಂದು ತಿಳಿದದ್ದೇ ನನಗೆ ದೊಡ್ಡ ಸಂತೋಷ.

ಮನೆಗೆ ಬಂದು ಮಗಳಿಗೆ ಹೇಳಿದೆ: ಬಾರ್ಜೆಲ್ಲೊ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ ಬೇಕು. ಪಿಂಚಣಿ ಪುಸ್ತಕ, ಬ್ಯಾಂಕಿನ ಲೆಕ್ಕ, ಮಗಳ ಆಮಂತ್ರಣ ಪತ್ರ. ಯಜಮಾನರು ಒಂದು ಫೈಲಿನಲ್ಲಿ ಎಲ್ಲವನ್ನೂ ಜೋಡಿಸಿ, ಮೇಲೆ ಬಿಳಿ ಹಾಳೆಯ ಮೇಲೆ ಕ್ರಮವಾಗಿ ಬರೆದಿಟ್ಟರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಆಪಾ ಕಟ್ಟಿಕೊಟ್ಟರು. ನಾಲ್ಕು ದಿನ ಇಟ್ಟರೂ ಕೆಡದ ಕಡಕ್ ಜೋಳದ ರೊಟ್ಟಿಗಿಂತ ಒಳ್ಳೆಯ ಪ್ರವಾಸದ ಊಟ ನನಗೆ ಗೊತ್ತಿಲ್ಲ.

ನಿಜವಾದ ತಯಾರಿ ಕಣ್ಣಿನದು. ಅದನ್ನು ಇಲ್ಲಿಯ ಕಲ್ಲುಗಳ ಮುಂದೆಯೇ ಮಾಡಬೇಕೆಂದು ನಿಶ್ಚಯಿಸಿದ್ದೆ. ಸೇಡಂ ರಸ್ತೆಯಲ್ಲಿರುವ ನಮ್ಮ ಸರ್ಕಾರಿ ವಸ್ತು ಸಂಗ್ರಹಾಲಯ ಬಹಮನಿ ಕಾಲದ ಗುಮ್ಮಟಗಳ ಕಟ್ಟಡದಲ್ಲಿದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ದಪ್ಪ ಗೋಡೆಗಳೊಳಗೆ ತಂಪು. ಪೆನ್ಸಿಲ್, ಸಣ್ಣ ಪುಸ್ತಕ ಹಿಡಿದು ಅಲ್ಲಿಗೆ ಹೋಗತೊಡಗಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಾಗ ಗದ್ದಲ ಸುಧಾರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಈಗ ಒಬ್ಬಳೇ ಕುಳಿತು ಸನ್ನತಿಯ ಕಡೆಯಿಂದ ಬಂದ ಬೌದ್ಧ ಶಿಲ್ಪಗಳನ್ನು ಬರೆದೆ. ಬೆಳಕು ಎಡಗಡೆಯಿಂದ ಬಂದರೆ ಒಂದು ಮುಖ, ಬಲಗಡೆಯಿಂದ ಬಂದರೆ ಇನ್ನೊಂದು. ಕೆತ್ತನೆ ಹೆಚ್ಚು ಆಳವಿಲ್ಲದಿದ್ದರೆ ನೆರಳೇ ಎಲ್ಲವನ್ನೂ ಮಾಡುತ್ತದೆ. ದೊನಾತೆಲ್ಲೊ ಸಂತ ಜಾರ್ಜನ ವಿಗ್ರಹದ ಬುಡದಲ್ಲಿ ಕೆತ್ತಿದ ಫಲಕದ ಬಗ್ಗೆ ಓದಿದ್ದೆ. ಕುದುರೆಯ ಮೇಲಿನ ವೀರ ಘಟಸರ್ಪವನ್ನು ಇರಿಯುತ್ತಿದ್ದಾನೆ, ಪಕ್ಕದಲ್ಲಿ ರಾಜಕುಮಾರಿ ಕೈಜೋಡಿಸಿ ನಿಂತಿದ್ದಾಳೆ, ಹಿಂದೆ ಕಂಬಗಳ ಸಾಲು, ಮರಗಳು, ದೂರ. ಇಷ್ಟನ್ನೂ ಅವನು ತೋರಿಸಿದ್ದು ಕಲ್ಲಿನ ಮೈಯನ್ನು ಕೊಂಚವೇ ಕೆರೆದು. ಅಷ್ಟು ಕಡಿಮೆ ಆಳದಲ್ಲಿ ಅಷ್ಟು ದೂರವನ್ನು ಹಿಡಿಯುವುದು ಹೇಗೆಂದು ಅಲ್ಲಿ ಹೋಗಿ ಕಂಡುಕೊಳ್ಳಬೇಕಾದರೆ, ಆಳವಿಲ್ಲದ ಕೆತ್ತನೆಯನ್ನು ಓದುವ ರೂಢಿ ಕಣ್ಣಿಗೆ ಇಲ್ಲೇ ಆಗಿರಬೇಕು.

ಸನ್ನತಿಗೂ ಹೋದೆವು, ನಾಲ್ವರೂ. ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಊರು ಅದು. 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಮಾಡು ಕುಸಿದಾಗ, ದೇವಿಯ ವಿಗ್ರಹ ನಿಲ್ಲಿಸಲು ಪೀಠವಾಗಿ ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇರುವುದು ಕಂಡುಬಂತು. ವಿಗ್ರಹ ಕೂರಿಸಲೆಂದು ಅಕ್ಷರಗಳ ನಡುವೆಯೇ ಚೌಕದ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆದ ಸ್ತೂಪದ ಚಪ್ಪಡಿಗಳಲ್ಲಿ ಒಂದರ ಮೇಲೆ ರಾಜನೊಬ್ಬ ಪರಿವಾರದೊಡನೆ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೊರೆದಿದೆ. ಅಶೋಕನನ್ನು ಹೆಸರು ಸಮೇತ ತೋರಿಸುವ ಆ ಶಿಲ್ಪ ಇರುವುದು ನಮ್ಮ ಜಿಲ್ಲೆಯ ಸುಣ್ಣದಕಲ್ಲಿನಲ್ಲಿ. ಪಕ್ಕದಲ್ಲಿ ರಾಣಿ, ಹಿಂದೆ ಚಾಮರ, ಛತ್ರ ಹಿಡಿದವರು. ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಹುಟ್ಟಿ ಬೆಳೆದ ನನಗೆ, ನಾವು ತುಳಿಯುವ ಕಲ್ಲಿನ ಜಾತಿಯದೇ ಒಂದು ಕಲ್ಲಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಕೈಬೆರಳಿನ ಮಡಿಕೆ ಕೊರೆದವರಿದ್ದರು ಎನ್ನುವುದು ಎಷ್ಟು ಸಲ ನೋಡಿದರೂ ಬೆರಗು. ಸರ್ ಬ್ರಾಹ್ಮಿ ಅಕ್ಷರಗಳನ್ನು ಒಂದೊಂದಾಗಿ ಬೆರಳು ತೋರಿಸಿ ಓದಿ ಹೇಳಿದರು. ಆಪಾ ರಾಣಿಯ ಬಳೆಗಳನ್ನು ನೋಡುತ್ತಿದ್ದರು.

ಆ ಗುಡಿಯ ಪೀಠದ ಶಾಸನದಂಥದೇ ಒಂದು ಸಂಗತಿ ಬಾರ್ಜೆಲ್ಲೊದಲ್ಲೂ ನಡೆದಿದೆ. ಬಾರ್ಜೆಲ್ಲೊ ಮೊದಲಿಗೆ ಮ್ಯೂಸಿಯಂ ಅಲ್ಲ. 1255ರಲ್ಲಿ ಕಟ್ಟಲು ಶುರುಮಾಡಿದ, ಊರಿನ ಆಡಳಿತಗಾರರ ಕೋಟೆಯಂಥ ಅರಮನೆ. ಮುಂದೆ ಪೊಲೀಸ್ ಮುಖ್ಯಸ್ಥನ ಠಾಣೆ, ಸೆರೆಮನೆ. ಮರಣದಂಡನೆಗೆ ಗುರಿಯಾದವರು ಕೊನೆಯ ಪ್ರಾರ್ಥನೆ ಮಾಡುತ್ತಿದ್ದ ಪ್ರಾರ್ಥನಾ ಕೋಣೆಯೊಂದು ಒಳಗಿದೆ. ಅದರ ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದು ಮುಚ್ಚಿಬಿಟ್ಟಿದ್ದರು. 1840ರಲ್ಲಿ ಸುಣ್ಣ ಕೆರೆದಾಗ ಜೊತ್ತೊನ ಬಳಗದವರು ಬರೆದ ಜನಗಳ ಗುಂಪಿನಲ್ಲಿ ಕವಿ ದಾಂತೆಯ ಮುಖ ಹೊರಬಂತು. 1479ರ ಕೊನೆಯಲ್ಲಿ ಮೆದಿಚಿ ಮನೆತನದ ಕೊಲೆ ಸಂಚಿನಲ್ಲಿ ಸಿಕ್ಕಿಬಿದ್ದವನೊಬ್ಬನನ್ನು ಇದೇ ಕಟ್ಟಡದಿಂದ ನೇಣು ಹಾಕಿ ತೂಗಬಿಟ್ಟಾಗ ಲಿಯೊನಾರ್ದೊ ಅವನನ್ನು ನೋಡಿ ಚಿತ್ರ ಬರೆದ. ಮೈಮೇಲಿನ ಬಟ್ಟೆಗಳ ಬಣ್ಣವನ್ನೂ ಪಕ್ಕದಲ್ಲಿ ಟಿಪ್ಪಣಿ ಮಾಡಿಕೊಂಡ. ಟಸ್ಕನಿಯ ದೊರೆ 1786ರಲ್ಲಿ ಮರಣದಂಡನೆಯನ್ನೇ ರದ್ದು ಮಾಡಿದ. 1865ರಲ್ಲಿ ಆ ಸೆರೆಮನೆ ಶಿಲ್ಪಗಳ ರಾಷ್ಟ್ರೀಯ ಸಂಗ್ರಹಾಲಯವಾಯಿತು. ಸಮಾಧಿಯ ಗುಮ್ಮಟದೊಳಗೆ ಮೂರ್ತಿಗಳನ್ನು ಇಟ್ಟ ಊರಿನವಳಿಗೆ, ಕೈದಿಗಳ ಕೋಣೆಯಲ್ಲಿ ಮೂರ್ತಿಗಳನ್ನು ಇಟ್ಟ ಊರು ಅಪರಿಚಿತ ಅನ್ನಿಸಲಿಲ್ಲ.

ಹೋಗುವ ಮೊದಲು ನನ್ನ ಪುಸ್ತಕದಲ್ಲಿ ಒಂದೇ ಪುಟದ ಪಟ್ಟಿ ಬರೆದುಕೊಂಡೆ. ಎರಡು ಫಲಕಗಳು. ಸಂತ ಜಾರ್ಜ್ ಮತ್ತು ಅವನ ಬುಡದ ಕೆತ್ತನೆ. ಮೂವರು ದಾವೀದರು. ಬಾಕಸ್. ಉಳಿದದ್ದು ಕಣ್ಣಿಗೆ ಬಿದ್ದರೆ ಬೀಳಲಿ. ಸಂತ ಜಾರ್ಜನ ಮೂರ್ತಿ ಮಾಡಿಸಿದವರು ಕವಚ, ಕತ್ತಿ ಮಾಡುವವರ ಸಂಘದವರು. ಆ ಊರಿನಲ್ಲಿ ಒಂದೊಂದು ಕಸುಬಿನ ಸಂಘವೂ ತನ್ನ ಸಂತನ ವಿಗ್ರಹವನ್ನು ಬೀದಿಯ ಗೋಡೆಯ ಗೂಡಿನಲ್ಲಿ ನಿಲ್ಲಿಸಿತ್ತು. ಗಿಬೆರ್ತಿ, ಬ್ರುನೆಲ್ಲೆಸ್ಕಿ, ವೆರೊಕ್ಕಿಯೊ, ಎಲ್ಲರೂ ಅಕ್ಕಸಾಲಿಗರಾಗಿ ಕೈ ಪಳಗಿಸಿಕೊಂಡವರು. ಇದನ್ನು ತಿಳಿದ ಮೇಲೆ, ಮಹಾ ಪ್ರತಿಭೆ ಆಕಾಶದಿಂದ ಇಳಿಯಿತೆಂಬಂತೆ ಬರೆಯುವ ಪುಸ್ತಕಗಳ ಮೇಲೆ ನನಗಿದ್ದ ಬೇಸರ ಹೆಚ್ಚಾಯಿತು. ಕುಲುಮೆ, ಮೇಣ, ಅರ, ಚಾಣಗಳ ನಡುವೆ ಎಳವೆಯಿಂದ ಬೆಳೆದ ಕೈಗಳು ಅವು. ನಮ್ಮ ಊರಿನ ಸರಾಫ ಬಜಾರಿನಲ್ಲಿ ಬಗ್ಗಿ ಕುಳಿತು ಊದುಗೊಳವೆಯಲ್ಲಿ ಬೆಂಕಿ ಊದುವ ಹುಡುಗನಿಗೂ ಅಂಥ ಪಂದ್ಯ, ಅಂಥ ಬಾಗಿಲು ಸಿಕ್ಕಿದ್ದರೆ ಎಂದು ಅನ್ನಿಸದೆ ಇರಲಿಲ್ಲ.

ಹೊರಡುವ ಹಿಂದಿನ ಸಂಜೆ ಸರ್ ನನಗೊಂದು ಕೆಲಸ ಒಪ್ಪಿಸಿದರು. "ಆ ಎರಡು ಫಲಕದಾಗ ಯಾವ ಇಬ್ರಾಹೀಂ ಖರೇ ತಂದಿ ಹಂಗ ಕಾಣ್ತಾನ, ನೋಡಿ ಬರ್ರಿ. ಫೋಟೋ ಬ್ಯಾಡ, ಬರಕೊಂಡು ಬರ್ರಿ."

ನಾವು ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ. ಆ ದಿನಗಳಲ್ಲಿ ಬಾರ್ಜೆಲ್ಲೊ ಮಧ್ಯಾಹ್ನವೇ ಬಾಗಿಲು ಹಾಕುತ್ತಿದ್ದ ಕಾರಣ ತೆರೆಯುವ ಹೊತ್ತಿಗೇ ಬಾಗಿಲಲ್ಲಿದ್ದೆವು. ಅಂಗಳದ ಗೋಡೆ ತುಂಬ ಹಳೆಯ ಅಧಿಕಾರಿಗಳ ಕಲ್ಲಿನ ಲಾಂಛನಗಳು, ಪಕ್ಕದಲ್ಲಿ ಮೇಲಕ್ಕೇರುವ ಮೆಟ್ಟಿಲು. ಮಹಡಿಯ ದೊಡ್ಡ ಹಜಾರದಲ್ಲಿ ದೊನಾತೆಲ್ಲೊ. ಸಂತ ಜಾರ್ಜ್ ಗುರಾಣಿಯನ್ನು ನೆಲಕ್ಕೂರಿ, ಹುಬ್ಬು ಗಂಟಿಕ್ಕಿ, ಎದುರಿಗೆ ಬರುವುದನ್ನು ನೋಡುತ್ತ ನಿಂತಿದ್ದಾನೆ. ಅವನಲ್ಲಿ ಧೈರ್ಯದಷ್ಟೇ ಅಂಜಿಕೆಯೂ ಇದೆ. ಅದಕ್ಕೇ ಅವನು ನನಗೆ ಹಿಡಿಸಿದ. ಬುಡದ ಫಲಕವನ್ನು ಬಗ್ಗಿ ನೋಡಿದೆ. ಸೇಡಂ ರಸ್ತೆಯ ರೂಢಿ ಕೈಹಿಡಿಯಿತು. ಕಂಬಸಾಲಿನ ಗೆರೆಗಳು ಹಿಂದಕ್ಕೆ ಹೋಗುತ್ತ ಕಿರಿದಾಗುವುದು, ಮರಗಳಲ್ಲಿ ಕೊರೆತ ಬರೀ ಗೀರಾಗಿ ಉಳಿಯುವುದು, ಕುದುರೆಯ ಎದೆಯಲ್ಲಿ ಮಾತ್ರ ಕಲ್ಲು ಸ್ವಲ್ಪ ಉಬ್ಬುವುದು, ಒಂದೊಂದೂ ಬಿಡಿಯಾಗಿ ಕಂಡವು. ಮಗಳು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಇದನ್ನ ನಾ ಹೋದ ಸಲ ನೋಡೇ ಇಲ್ಲ" ಎಂದಳು. ಕಂಚಿನ ದಾವೀದನ ಬಗ್ಗೆ ಕಡಿಮೆ ಹೇಳುತ್ತೇನೆ, ಅವನ ಬಗ್ಗೆ ಎಲ್ಲರೂ ಹೇಳುತ್ತಾರೆ. ತಲೆಯ ಮೇಲೊಂದು ಟೊಪ್ಪಿಗೆ, ಕಾಲಿಗೆ ಬೂಟು, ಉಳಿದಂತೆ ಬೆತ್ತಲೆ, ನನ್ನಷ್ಟೇ ಎತ್ತರ. ಹಿಂದಕ್ಕೆ ಹೋಗಿ ಬೆನ್ನು ನೋಡದೆ ಯಾರೂ ಬರಬಾರದು ಎಂದಷ್ಟೇ ನನ್ನ ಸಲಹೆ.

ಎರಡು ಫಲಕಗಳ ಮುಂದೆ ಹೆಚ್ಚು ಹೊತ್ತು ನಿಂತೆ. ನಾಲ್ಕು ಎಸಳಿನ ಚೌಕಟ್ಟಿನೊಳಗೆ ಅದೇ ಬೆಟ್ಟ, ಅದೇ ಕತ್ತೆ, ಅದೇ ಇಬ್ಬರು ಆಳುಗಳು, ಅದೇ ಟಗರು. ಗಿಬೆರ್ತಿಯ ಹುಡುಗ ಮಂಡಿಯೂರಿ ಎದೆ ಮುಂದೆ ಮಾಡಿ ಕೂತಿದ್ದಾನೆ, ಮೈ ಅಷ್ಟು ಚೆಲುವಾಗಿದೆ. ತಂದೆಯ ಕೈ ಕತ್ತಿ ಹಿಡಿದು ಹಿಂದಕ್ಕೆ ಎಳೆದುಕೊಂಡಿದೆ. ದೇವದೂತ ಆಕಾಶದಿಂದ ಬರುತ್ತಿದ್ದಾನೆ, ಇನ್ನೂ ಮುಟ್ಟಿಲ್ಲ. ಹೆಚ್ಚು ಕಡಿಮೆ ಒಂದೇ ಎರಕದಲ್ಲಿ, ಒಳಗೆ ಪೊಳ್ಳಾಗಿ ಹೊಯ್ದ ಅದಕ್ಕೆ ಕಂಚೂ ಕಡಿಮೆ ಹಿಡಿಯಿತು. ಬಾಗಿಲಿಗೆ ಬೇಕಾಗುವ ಲೋಹದ ಖರ್ಚು ನೋಡುವ ವ್ಯಾಪಾರಿಗಳಿಗೆ ಅದೂ ದೊಡ್ಡ ಮಾತೇ. ಬ್ರುನೆಲ್ಲೆಸ್ಕಿಯ ಫಲಕದಲ್ಲಿ ತಂದೆ ಮಗನ ಗಂಟಲನ್ನೇ ಹಿಡಿದಿದ್ದಾನೆ. ಹುಡುಗನ ಮೈ ತಿರುಚಿಕೊಂಡಿದೆ. ದೇವದೂತ ಬಂದು ತಂದೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದಾನೆ. ಕೆಳಗೊಬ್ಬ ಆಳು ಇದಾವುದರ ಅರಿವಿಲ್ಲದೆ ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಾನೆ. ಎರಡನ್ನೂ ಬರೆದುಕೊಂಡೆ. ಕಾವಲಿನ ಹೆಂಗಸು ಹತ್ತಿರ ಬಂದು ಪುಸ್ತಕ ನೋಡಿ, ನಕ್ಕು, ನನ್ನ ನೆರಳು ಫಲಕದ ಮೇಲೆ ಬೀಳದಂತೆ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದಳು.

ಊರಿಗೆ ಬಂದ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಆ ಪುಟಗಳನ್ನು ತೆರೆದಿಟ್ಟೆವು. ನನ್ನ ತೀರ್ಪು ಬ್ರುನೆಲ್ಲೆಸ್ಕಿಯ ಕಡೆಗೆ. ಮನಸ್ಸು ಗಟ್ಟಿ ಮಾಡಿಕೊಂಡ ತಂದೆಯನ್ನು ದೂರದ ದನಿಯಿಂದ ನಿಲ್ಲಿಸಲಾಗದು, ಕೈಯನ್ನೇ ಹಿಡಿಯಬೇಕು; ಆ ಸತ್ಯ ಅವನಿಗೆ ಗೊತ್ತಿತ್ತು ಎಂದೆ. ಸರ್ ಒಪ್ಪಲಿಲ್ಲ. ಗಿಬೆರ್ತಿಯ ಪುಟದ ಮೇಲೆ ಬೆರಳಿಟ್ಟು, "ಇಲ್ಲಿ ಫರಿಶ್ತಾ ಇನ್ನೂ ಮುಟ್ಟಿಲ್ಲ. ಆದ್ರ ಕತ್ತಿ ಹಿಂದ ಅದ. ಅಂದ್ರ ಕೈ ತಡೆದದ್ದು ತಂದೀನೇ. ಇವನೇ ಖರೇ ತಂದಿ" ಎಂದರು. ಅವರು ಹೇಳಿದ ಮೇಲೆ ಆ ಕೈಯನ್ನು ಮತ್ತೆ ನೋಡಿದೆ. ಅಷ್ಟು ಹೊತ್ತು ನಿಂತು ಬರೆದಿದ್ದರೂ ನಾನು ಹಾಗೆ ಓದಿರಲಿಲ್ಲ. ಆದರೂ ನನ್ನ ಮತ ಬದಲಿಸಲಿಲ್ಲ, ಅವರೂ ಬದಲಿಸಲಿಲ್ಲ. ಯಜಮಾನರು ಖರ್ಚಿನ ದೃಷ್ಟಿಯಿಂದ ಗಿಬೆರ್ತಿಗೇ ಓಟು ಹಾಕಿದರು.

ಆಪಾ ಎರಡೂ ಪುಟಗಳನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಎರಡರಾಗೂ ತಾಯಿ ಎಲ್ಲಿ?" ಎಂದರು. "ಹಾಜರಾ ಬೀಬಿಗೆ ಯಾರೂ ಕೇಳೇ ಇಲ್ಲ?" ನಮ್ಮಲ್ಲಿ ಯಾರ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ. ಪಂದ್ಯ ಕಟ್ಟಿದ ವ್ಯಾಪಾರಿಗಳಾಗಲಿ, ಏಳು ಜನ ಶಿಲ್ಪಿಗಳಾಗಲಿ ಅದನ್ನು ಕೇಳಿಕೊಂಡ ಗುರುತಿಲ್ಲ.

ಮಳೆಗಾಲ ಮುಗಿದ ಮೇಲೆ ಮತ್ತೆ ಕನಗನಹಳ್ಳಿಗೆ ಹೋಗುವುದೆಂದು ಆಪಾ ಅವರೇ ಗೊತ್ತುಮಾಡಿದ್ದಾರೆ. ಅಲ್ಲಿ ರಾಣಿ ರಾಜನ ಪಕ್ಕದಲ್ಲೇ ನಿಂತಿದ್ದಾಳೆ. ಅವಳನ್ನು ಬರೆದುಕೊಡಬೇಕೆಂದು ನನಗೆ ಹೇಳಿದ್ದಾರೆ. ಬಾಡಿಗೆ ಕಾರು ಮಾತಾಡುವ ಕೆಲಸ ಯಜಮಾನರದು, ರೊಟ್ಟಿ ಈ ಸಲ ನನ್ನದು.